ಸ್ವಯಂಸೇವಕರ ಮೇಲೆ ನಡೆದ ಸಾಲ್ವೆಂಟ್ ಆವಿ ಪರೀಕ್ಷೆಗಳು: ಆ ಅಂಕಿಗಳನ್ನು ಕೆಲಸದ ಜಾಗಕ್ಕೆ ಹೇಗೆ ಅನ್ವಯಿಸಬೇಕು?

ಸುರಕ್ಷತಾ_ದೀಪ

ಎಲ್ಲರಿಗೂ ನಮಸ್ಕಾರ. ಸಾಲ್ವೆಂಟ್‌ಗಳ (ಬಣ್ಣ, ಅಂಟು ಮುಂತಾದವನ್ನು ಕರಗಿಸುವ ದ್ರವಗಳ) ಸುರಕ್ಷತಾ ದಾಖಲೆಗಳಲ್ಲಿ ಒಂದು ಸಾಲು ಪದೇ ಪದೇ ಬರುತ್ತೆ: ಆರೋಗ್ಯವಂತ ಸ್ವಯಂಸೇವಕರು ಇಂತಿಷ್ಟು ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ) ಆವಿಯನ್ನು ಕೆಲವು ಗಂಟೆ ಉಸಿರಾಡಿದರು, ಗಮನಾರ್ಹ ಪರಿಣಾಮ ಕಾಣಲಿಲ್ಲ. ಇದನ್ನೇ ಹಿಡಿದುಕೊಂಡು "ಹಾಗಾದರೆ ಪೂರ್ತಿ ಶಿಫ್ಟ್ ಅಷ್ಟೇ ಇದ್ದರೂ ತೊಂದರೆಯಿಲ್ಲ" ಅಂತ ವಾದಿಸುವವರಿದ್ದಾರೆ. ಈ ವಾದ ಎಲ್ಲಿ ಮುರಿದು ಬೀಳುತ್ತೆ ಅನ್ನೋದನ್ನ ಲೆಕ್ಕದ ಸಮೇತ ತಿಳಿಯಬೇಕಿದೆ.

ಉದಾಹರಣೆಗೆ ಥಿನ್ನರ್‌ಗಳಲ್ಲಿ ಬಳಸುವ ಟೊಲುಯೀನ್ ತಗೊಳ್ಳೋಣ. 1983ರಲ್ಲಿ ಡೆನ್ಮಾರ್ಕ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ 16 ಯುವಕರು 0, 10, 40, 100 ಪಿಪಿಎಂನಲ್ಲಿ 6 ಗಂಟೆ ಕಳೆದರು. 100ರಲ್ಲಿ ಕಣ್ಣು ಮೂಗಿನ ಉರಿ, ತಲೆನೋವು, ತಲೆಸುತ್ತು, ಅಮಲೇರಿದಂಥ ಭಾವ. 10 ಮತ್ತು 40ರಲ್ಲಿ ಅಂಥದ್ದೇನೂ ದಾಖಲಾಗಲಿಲ್ಲ. ಹಾಗಿದ್ದೂ ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರ ಸಂಘ ಎಸಿಜಿಐಎಚ್ 8 ಗಂಟೆಯ ಸರಾಸರಿ ಮಿತಿಯನ್ನು 20ಕ್ಕೆ ಇಳಿಸಿದೆ. ಅಲ್ಲಿನ ಸರ್ಕಾರದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಷಾದ ಕಾನೂನಿನಲ್ಲಿ ಇನ್ನೂ 200 ಇದೆ. ಯಾವುದನ್ನು ನಂಬಬೇಕು, ಯಾಕೆ?

ಆವಿ_ಲೆಕ್ಕ

ಒಳ್ಳೆಯ ಉದಾಹರಣೆ. ಮೊದಲು ಒಂದು ವಿಷಯ: ಪಿಪಿಎಂ ಅನ್ನೋದು ಗಾಳಿಯಲ್ಲಿ ಎಷ್ಟಿದೆ ಅಂತ ಹೇಳುತ್ತೆ. ಮೈಯೊಳಗೆ ಎಷ್ಟು ಹೋಯಿತು ಅಂತ ಹೇಳಲ್ಲ.

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಪಿಎಂ ಅನ್ನು ಅಣುತೂಕದಿಂದ ಗುಣಿಸಿ 24.45ರಿಂದ ಭಾಗಿಸಿದರೆ ಘನಮೀಟರಿಗೆ ಮಿಲಿಗ್ರಾಂ ಸಿಗುತ್ತೆ. ಟೊಲುಯೀನ್‌ನ ಅಣುತೂಕ 92.14. ಅಂದರೆ 50 ಪಿಪಿಎಂ ಸುಮಾರು 188 ಮಿಲಿಗ್ರಾಂ.

ಸುಮ್ಮನೆ ಕೂತ ಮನುಷ್ಯ ನಿಮಿಷಕ್ಕೆ ಏಳೂವರೆ ಲೀಟರ್‌ನಷ್ಟು ಗಾಳಿ ಎಳೆದುಕೊಳ್ಳುತ್ತಾನೆ, ಗಂಟೆಗೆ 0.45 ಘನಮೀಟರ್. ಒಳಗೆ ಹೋಗುವುದು 85 ಮಿಲಿಗ್ರಾಂ, ಅದರಲ್ಲಿ ಅರ್ಧದಷ್ಟು ಮೈಯಲ್ಲಿ ಉಳಿಯುತ್ತೆ ಅಂತ ಹಿಡಿದರೆ ಗಂಟೆಗೆ 42. ನಾಲ್ಕು ಗಂಟೆಗೆ 170.

ಈಗ ಅದೇ 50 ಪಿಪಿಎಂನಲ್ಲಿ ಡ್ರಮ್ ಉರುಳಿಸುವ, ಏಣಿ ಹತ್ತಿಳಿಯುವ ಮನುಷ್ಯನನ್ನು ನೋಡಿ. 50 ವ್ಯಾಟ್‌ನಷ್ಟು ಹಗುರ ಕೆಲಸಕ್ಕೇ ಉಸಿರು ನಿಮಿಷಕ್ಕೆ 20ರಿಂದ 25 ಲೀಟರ್‌ಗೆ ಏರುತ್ತೆ. 22 ಅಂತ ಹಿಡಿದರೂ ಗಂಟೆಗೆ 1.32 ಘನಮೀಟರ್, ಒಳಗೆ 249 ಮಿಲಿಗ್ರಾಂ, ಉಳಿಯುವುದು 124ರ ಆಸುಪಾಸು. ಎಂಟು ಗಂಟೆಗೆ ಹತ್ತಿರ ಹತ್ತಿರ 1 ಗ್ರಾಂ.

ಗಾಳಿ ಒಂದೇ, ಮೀಟರಿನ ಅಂಕಿ ಒಂದೇ. ಮೈಗೆ ಸೇರಿದ್ದು ಸುಮಾರು ಆರು ಪಟ್ಟು. ಆವಿಗೆ ಒಡ್ಡಿಕೊಳ್ಳುವ ಹೊತ್ತು ದೀರ್ಘವಾದಂತೆ ಉಳಿಯುವ ಪಾಲು ಸ್ವಲ್ಪ ಕುಗ್ಗುತ್ತೆ, ಆದ್ದರಿಂದ ಆರು ಅನ್ನೋದು ಒರಟು ಲೆಕ್ಕ. ಆದರೂ ಚಿತ್ರ ಬದಲಾಗಲ್ಲ. ಸ್ವೀಡನ್‌ನಲ್ಲಿ ಇರ್ಮಾ ಓಸ್ಟ್ರಾಂಡ್ ಅವರ ತಂಡ 1970ರ ದಶಕದಲ್ಲಿ ಸ್ವಯಂಸೇವಕರಿಂದ ವ್ಯಾಯಾಮದ ಸೈಕಲ್ ತುಳಿಸಿ ಮಾಡಿದ ಕೆಲಸದ ಮುಖ್ಯ ಫಲ ಇದೇ. ಹಾಗಾಗಿ ಯಾವ ಅಧ್ಯಯನ ಓದಿದರೂ ನಾನು ಮೊದಲು ಹುಡುಕುವುದು, ಅವರು ಕೂತಿದ್ದರಾ, ಸೈಕಲ್ ತುಳಿಯುತ್ತಿದ್ದರಾ ಅನ್ನೋದನ್ನ. ಆ ಮಾಹಿತಿಯೇ ಇಲ್ಲದಿದ್ದರೆ ಅದರ ಪಿಪಿಎಂ ಅಂಕಿಯಿಂದ ನನಗೆ ಉಪಯೋಗ ಕಡಿಮೆ.

ವೃತ್ತಿ_ವೈದ್ಯೆ

ಆವಿ_ಲೆಕ್ಕ ಅವರ ಮಾತಿಗೆ ಒಂದು ಸೇರ್ಪಡೆ. ಶ್ರಮ ಹೆಚ್ಚಾದರೆ ಎಲ್ಲ ಆವಿಗಳೂ ಒಂದೇ ಪ್ರಮಾಣದಲ್ಲಿ ಹೆಚ್ಚು ಒಳಸೇರಲ್ಲ. ಗಾಳಿಗಿಂತ ರಕ್ತದಲ್ಲಿ ಎಷ್ಟು ಪಟ್ಟು ಕರಗುತ್ತೆ ಅನ್ನೋದರ ಮೇಲೆ ನಿಂತಿದೆ. ಹೆಕ್ಸೇನ್‌ಗೆ ಈ ಅನುಪಾತ 1ಕ್ಕಿಂತ ಕಡಿಮೆ, ಟೊಲುಯೀನ್‌ಗೆ 15ರ ಹತ್ತಿರ, ಸ್ಟೈರೀನ್‌ಗೆ 50ರ ಹತ್ತಿರ, ಅಸಿಟೋನ್‌ಗೆ 200ಕ್ಕೂ ಮೇಲೆ.

ಸ್ಟೈರೀನ್‌ನಂತೆ ಚೆನ್ನಾಗಿ ಕರಗುವುದಾದರೆ ರಕ್ತ ಬಂದಷ್ಟನ್ನೂ ಹೀರಿಕೊಳ್ಳುತ್ತೆ. ಉಸಿರು ಮೂರು ಪಟ್ಟಾದರೆ ಒಳಸೇರುವುದೂ ಹೆಚ್ಚುಕಡಿಮೆ ಮೂರು ಪಟ್ಟು. ಹೆಕ್ಸೇನ್‌ನಂಥದ್ದು ಬೇಗ ಸಮತೋಲಕ್ಕೆ ಬರುತ್ತೆ, ಉಸಿರು ಹೆಚ್ಚಾದರೂ ಅಷ್ಟು ಏರಲ್ಲ. ಅಸಿಟೋನ್ ಮಾತ್ರ ಈ ಲೆಕ್ಕಕ್ಕೆ ಪೂರ್ತಿ ಬಗ್ಗಲ್ಲ. ಅದು ನೀರಿನಲ್ಲಿ ಕರಗುವುದರಿಂದ ಉಸಿರು ಒಳಗೆ ಬರುವಾಗ ಶ್ವಾಸನಾಳದ ತೇವದ ಪದರಕ್ಕೆ ಅಂಟಿಕೊಂಡು, ಹೊರಗೆ ಹೋಗುವಾಗ ಒಂದಷ್ಟು ವಾಪಸು ಬಿಡುತ್ತೆ. ಹಾಗಾಗಿ ಕರಗುವ ಗುಣ ನೋಡಿ ಅಂದಾಜಿಸಿದ್ದಕ್ಕಿಂತ ಕಡಿಮೆ ಒಳಸೇರುತ್ತೆ.

ಇನ್ನು 20 ಯಾಕೆ ಅನ್ನುವ ಪ್ರಶ್ನೆ. ಎಸಿಜಿಐಎಚ್ ಆ ಮಿತಿಗೆ ಕೊಟ್ಟ ಆಧಾರಗಳಲ್ಲಿ ದೃಷ್ಟಿಯ ತೊಂದರೆ, ಹೆಣ್ಣಿನ ಸಂತಾನೋತ್ಪತ್ತಿ ವ್ಯವಸ್ಥೆಯ ಮೇಲಿನ ಪರಿಣಾಮ, ಗರ್ಭಪಾತ ಇವೆ. ಆರು ಗಂಟೆ ಚೇಂಬರಿನಲ್ಲಿ (ಆವಿ ಬಿಡುವ ಪರೀಕ್ಷಾ ಕೋಣೆಯಲ್ಲಿ) ಕೂತ 16 ಯುವಕರಲ್ಲಿ ಇವುಗಳಲ್ಲಿ ಒಂದೂ ಕಾಣಿಸಿಕೊಳ್ಳಲು ಸಾಧ್ಯವೇ ಇಲ್ಲ. ಅವು ಗೊತ್ತಾಗಿದ್ದು ವರ್ಷಗಟ್ಟಲೆ ಕೆಲಸ ಮಾಡಿದವರ ಅಧ್ಯಯನಗಳಿಂದ. ಆ ಡೇನಿಶ್ ಅಧ್ಯಯನ ಒಂದು ದಿನದ ಕಿರಿಕಿರಿ ಮತ್ತು ಮಂಪರಿನ ಬಗ್ಗೆ ಮಾತ್ರ ಹೇಳಬಲ್ಲದು, ಅದನ್ನು ಚೆನ್ನಾಗಿಯೇ ಹೇಳಿದೆ. ಅದರ ಬಾಯಲ್ಲಿ ಬೇರೆ ಮಾತು ಹಾಕಿಸುವುದು ನಮ್ಮ ತಪ್ಪು.

ನರ_ಪರೀಕ್ಷೆ

ಸಂಖ್ಯೆಯ ವಿಷಯವನ್ನೂ ಸೇರಿಸಿಕೊಳ್ಳಿ. 16 ಜನರಲ್ಲಿ ಒಬ್ಬರಿಗೂ ತೊಂದರೆ ಆಗಲಿಲ್ಲ ಅಂದರೆ ಜನಸಮೂಹದಲ್ಲಿ ಸೊನ್ನೆ ಅಂತಲ್ಲ. 95 ಶೇಕಡಾ ವಿಶ್ವಾಸದ ಮೇಲಿನ ಎಲ್ಲೆ ಲೆಕ್ಕ ಹಾಕಿದರೆ 17 ಶೇಕಡಾ ಬರುತ್ತೆ. ನೂರು ಜನರಲ್ಲಿ 17 ಮಂದಿಗೆ ತೊಂದರೆಯಾಗುವ ಪರಿಸ್ಥಿತಿಯೂ "16ರಲ್ಲಿ ಸೊನ್ನೆ"ಯ ಜೊತೆ ಹೊಂದಿಕೊಳ್ಳುತ್ತೆ. ನೆನಪಿಟ್ಟುಕೊಳ್ಳಲು ಸುಲಭ ದಾರಿ: 3 ಅನ್ನು ಜನರ ಸಂಖ್ಯೆಯಿಂದ ಭಾಗಿಸಿ. 16ಕ್ಕೆ ಸುಮಾರು 19, ಸ್ವಲ್ಪ ಹೆಚ್ಚು ಬರುತ್ತೆ, ಪರವಾಗಿಲ್ಲ.

ಕ್ಲೋರಿನ್ ಇದಕ್ಕೆ ಕಣ್ಣಿಗೆ ಕಟ್ಟುವಂಥ ನಿದರ್ಶನ. ಅದು ಅನಿಲ, ಸಾಲ್ವೆಂಟ್ ಆವಿಯಲ್ಲ, ಆದರೂ ಪಾಠ ಒಂದೇ. 1983ರಲ್ಲೇ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಸ್ವಯಂಸೇವಕರಿಗೆ 0.5 ಮತ್ತು 1 ಪಿಪಿಎಂ ಕ್ಲೋರಿನ್ ಕೊಟ್ಟರು. ಅಲರ್ಜಿಯ ಪ್ರವೃತ್ತಿ ಇದ್ದ ಒಬ್ಬ ವ್ಯಕ್ತಿಗೆ 1 ಪಿಪಿಎಂನಲ್ಲಿ ಶ್ವಾಸನಾಳ ಎಷ್ಟು ಬಿಗಿದುಕೊಂಡಿತೆಂದರೆ ಅವಧಿ ಮುಗಿಯುವ ಮೊದಲೇ ಹೊರಗೆ ಬರಬೇಕಾಯಿತು. ಆ ಒಬ್ಬರನ್ನು ಆಯ್ಕೆಯ ಹಂತದಲ್ಲೇ ಕೈಬಿಟ್ಟಿದ್ದರೆ ಅಧ್ಯಯನದ ಸಾರಾಂಶವೇ ಬೇರೆಯಾಗಿರುತ್ತಿತ್ತು. ಅದಕ್ಕೇ ಯಾರನ್ನು ಸೇರಿಸಿಕೊಳ್ಳಲಿಲ್ಲ ಅನ್ನುವ ಪ್ಯಾರಾವನ್ನು ಫಲಿತಾಂಶಕ್ಕಿಂತ ಮೊದಲು ಓದಬೇಕು.

ಸುರಕ್ಷತಾ_ದೀಪ

ಎಲ್ಲರಿಗೂ ಧನ್ಯವಾದ, ಆ 17 ಶೇಕಡಾ ಲೆಕ್ಕ ತುಂಬಾ ಉಪಯೋಗಕ್ಕೆ ಬರುತ್ತೆ. ಚೇಂಬರಿನೊಳಗೆ ಸಾಂದ್ರತೆಯನ್ನು ಅಷ್ಟು ನಿಖರವಾಗಿ ಹೇಗೆ ಕಾಯುತ್ತಾರೆ? ಹೇಳಿದ 20 ಪಿಪಿಎಂ ನಿಜಕ್ಕೂ 20 ಆಗಿತ್ತು ಅಂತ ನಂಬೋದು ಹೇಗೆ?

ಚೇಂಬರ್_ಕೆಲಸ

ಇದಕ್ಕೆ ನಾನು ಉತ್ತರಿಸುತ್ತೇನೆ, ಸ್ವಲ್ಪ ಉದ್ದವಾಗುತ್ತೆ.

20 ಘನಮೀಟರ್ ಕೋಣೆ, ಗಂಟೆಗೆ 12 ಸಲ ಗಾಳಿ ಬದಲಾವಣೆ ಅಂದುಕೊಳ್ಳಿ. ಹರಿವು ಗಂಟೆಗೆ 240 ಘನಮೀಟರ್. 20 ಪಿಪಿಎಂ ಟೊಲುಯೀನ್ ಅಂದರೆ ಘನಮೀಟರಿಗೆ 75 ಮಿಲಿಗ್ರಾಂ, ಹಾಗಾದರೆ ಗಂಟೆಗೆ 18 ಗ್ರಾಂ ಆವಿಯಾಗಿಸಬೇಕು. ದ್ರವದ ಸಾಂದ್ರತೆ 0.867, ಆದ್ದರಿಂದ ಗಂಟೆಗೆ ಸುಮಾರು 21 ಮಿಲಿಲೀಟರ್, ನಿಮಿಷಕ್ಕೆ 0.35. ಸಿರಿಂಜ್ ಪಂಪ್ ಇಷ್ಟನ್ನು ಬಿಸಿ ಮಾಡಿದ ಗಾಜಿನ ಕೊಳವೆಯೊಳಗೆ ಬಿಡುತ್ತೆ, ಆವಿ ಒಳಬರುವ ಗಾಳಿಯ ಡಕ್ಟ್‌ನಲ್ಲೇ ಬೆರೆಯುತ್ತೆ. ಕೋಣೆಯೊಳಗೆ ತಟ್ಟೆಯಲ್ಲಿಟ್ಟು ಆರಲು ಬಿಡುವ ಪದ್ಧತಿ ಹಳೆಯ ಕೆಲವು ಕೆಲಸಗಳಲ್ಲಿದೆ. ಅಂಥ ಕಡೆ ತಟ್ಟೆಗೆ ಹತ್ತಿರ ಕೂತವರು ಒಂದನ್ನು ಉಸಿರಾಡಿದರೆ ದೂರದವರು ಇನ್ನೊಂದನ್ನು ಉಸಿರಾಡಿರುತ್ತಾರೆ.

ಗಂಟೆಗೆ 12 ಬದಲಾವಣೆಯಾದರೆ ಸಾಂದ್ರತೆ ಗುರಿಯ 63 ಶೇಕಡಾ ಮುಟ್ಟಲು 5 ನಿಮಿಷ, 95 ಮುಟ್ಟಲು 15, 99 ಮುಟ್ಟಲು 23 ನಿಮಿಷ ಬೇಕು. 30 ನಿಮಿಷದ ಪರೀಕ್ಷೆ ಅಂತ ಬರೆದು ಜನರನ್ನು ಮೊದಲೇ ಒಳಗೆ ಕೂರಿಸಿ ಆಮೇಲೆ ಪಂಪ್ ಚಾಲೂ ಮಾಡಿದ್ದರೆ, ಅರ್ಧ ಹೊತ್ತು ಅವರು ಗುರಿಗಿಂತ ಕಡಿಮೆಯಲ್ಲಿದ್ದರು. ಇದನ್ನು ವಿಧಾನದ ಭಾಗದಲ್ಲಿ ಹುಡುಕಿ.

ತಪ್ಪು ನುಸುಳುವ ಜಾಗಗಳು ಇವು. ದ್ರವ ಹನಿ ಹನಿಯಾಗಿ ಬಿಸಿ ಮೇಲ್ಮೈಗೆ ಬಿದ್ದರೆ ಪ್ರತಿ ಹನಿಗೂ ಒಂದು ಸಣ್ಣ ಏರಿಕೆ ಹುಟ್ಟುತ್ತೆ. ಒಂದು ನಿಮಿಷದ ಸರಾಸರಿ ತೋರಿಸುವ ಉಪಕರಣ ಅದನ್ನು ಮುಚ್ಚಿಹಾಕುತ್ತೆ, ಕಣ್ಣು ಮೂಗು ಮಾತ್ರ ಗುರುತಿಸುತ್ತವೆ. ಕಾರ್ಪೆಟ್, ಬಣ್ಣ ಬಳಿದ ಗೋಡೆ, ಸೋಫಾದ ಫೋಮ್, ಹತ್ತಿ ಬಟ್ಟೆ ಎಲ್ಲವೂ ಆವಿಯನ್ನು ಹೀರಿ, ಮರುದಿನ "ಶುದ್ಧ ಗಾಳಿ" ಅಂತ ಬರೆದ ದಿನ ಬಿಡುತ್ತವೆ. ಆದ್ದರಿಂದ ಸ್ಟೇನ್‌ಲೆಸ್ ಸ್ಟೀಲ್, ಗಾಜು, ಟೆಫ್ಲಾನ್ ಬಿಟ್ಟು ಬೇರೇನೂ ಒಳಗಿರಬಾರದು. ಸ್ಯಾಂಪಲ್ ಎಳೆಯುವ ಕೊಳವೆಯ ಬಾಯಿ ಕೂತವರ ಮೂಗಿನ ಮಟ್ಟದಲ್ಲಿರಬೇಕು. ಹೊರಹೋಗುವ ಡಕ್ಟ್‌ನಲ್ಲಿಟ್ಟರೆ ಕೋಣೆಯ ಸರಾಸರಿ ಸಿಗುತ್ತೆ, ಮನುಷ್ಯ ಉಸಿರಾಡಿದ್ದು ಸಿಗಲ್ಲ.

ಜನರೂ ಗಾಳಿಯನ್ನು ಬದಲಿಸುತ್ತಾರೆ. ಕೂತ ನಾಲ್ವರು ಗಂಟೆಗೆ 72 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ, 240 ಘನಮೀಟರ್ ಹರಿವಿನಲ್ಲಿ ಅದು ಹೊರಗಿಗಿಂತ 300 ಪಿಪಿಎಂ ಹೆಚ್ಚು. ನಾಲ್ವರೂ ಸೈಕಲ್ ತುಳಿದರೆ 900. ಅದರ ಮೇಲೆ ಸೆಕೆ. ತಲೆಭಾರ ಬಂತು ಅಂದಾಗ ಅದು ಟೊಲುಯೀನ್‌ದಾ, ಉಸಿರುಗಟ್ಟಿದ ಕೋಣೆಯದಾ ಅಂತ ಬೇರ್ಪಡಿಸಲು ಶುದ್ಧ ಗಾಳಿಯ ದಿನವೂ ಅಷ್ಟೇ ಜನ, ಅಷ್ಟೇ ಸೈಕಲ್, ಅಷ್ಟೇ ಹೊತ್ತು ಇರಬೇಕು.

ಕೊನೆಯದು ಸುರಕ್ಷತೆ. ಹೊರಹಾಕುವ ಫ್ಯಾನ್ ನಿಂತು ಪಂಪ್ ಓಡುತ್ತಲೇ ಇದ್ದರೆ ಈ ಕೋಣೆಯಲ್ಲಿ ಸಾಂದ್ರತೆ ನಿಮಿಷಕ್ಕೆ 4 ಪಿಪಿಎಂನಂತೆ ಏರುತ್ತೆ. 20ರಿಂದ ಶುರುವಾಗಿ 20 ನಿಮಿಷಕ್ಕೆ 100. ಅದಕ್ಕೇ ಗಾಳಿಯ ಹರಿವು ಬಿದ್ದ ಕೂಡಲೇ ಪಂಪ್ ತಾನಾಗಿ ನಿಲ್ಲುವ ಇಂಟರ್‌ಲಾಕ್ ಕಡ್ಡಾಯ. ಅದನ್ನು ಪ್ರತಿ ದಿನ ಜನ ಒಳಗೆ ಹೋಗುವ ಮೊದಲು ಫ್ಯಾನ್ ನಿಲ್ಲಿಸಿಯೇ ಪರೀಕ್ಷಿಸಬೇಕು. ದ್ರವದ ಬಾಟಲಿಯ ಶುದ್ಧತೆಯ ಪ್ರಮಾಣಪತ್ರವೂ ಬೇಕು, ಯಾಕಂದರೆ ಕೈಗಾರಿಕಾ ದರ್ಜೆಯ ಟೊಲುಯೀನ್‌ನಲ್ಲಿ ಬೆಂಝೀನ್ ಬೆರೆತಿರಬಹುದು. ಬೆಂಝೀನ್ ಖಚಿತ ಕ್ಯಾನ್ಸರ್‌ಕಾರಕ.

ನರ_ಪರೀಕ್ಷೆ

ಒಳಗೆ ಏನನ್ನು ಅಳೆಯುತ್ತಾರೆ ಅನ್ನುವ ಬಗ್ಗೆ ನನ್ನ ಕಡೆಯಿಂದ.

ಎರಡು ಬಗೆ. ಒಂದು, ಮಿದುಳು ನಿಧಾನವಾಗುವುದು: ದೀಪ ಕಂಡೊಡನೆ ಗುಂಡಿ ಒತ್ತುವ ವೇಗ, ಹಲವು ಆಯ್ಕೆಗಳಿದ್ದಾಗಿನ ವೇಗ, ಅಂಕಿಗಳ ಸಾಲನ್ನು ನೆನಪಿಟ್ಟು ಹೇಳುವುದು, ಕಣ್ಣು ಮುಚ್ಚಿ ನಿಂತಾಗ ಮೈ ಎಷ್ಟು ತೂಗಾಡುತ್ತೆ ಅನ್ನುವುದು. ಇಲ್ಲಿ ಕಾಣುವ ವ್ಯತ್ಯಾಸ ಮಿಲಿಸೆಕೆಂಡುಗಳಲ್ಲಿ. ಜನ ಪರೀಕ್ಷೆಯನ್ನು ಕಲಿತುಕೊಳ್ಳುತ್ತಾರೆ. ಎರಡನೇ ದಿನ ಮೊದಲ ದಿನಕ್ಕಿಂತ ಚುರುಕಾಗಿರುತ್ತಾರೆ, ಆವಿ ಇದ್ದರೂ. ಹಾಗಾಗಿ ಮುಂಚೆಯೇ ಸಾಕಷ್ಟು ಅಭ್ಯಾಸದ ಸುತ್ತುಗಳು ಮುಗಿದಿರಬೇಕು, ಯಾರಿಗೆ ಯಾವ ಸಾಂದ್ರತೆ ಯಾವ ದಿನ ಅನ್ನುವ ಕ್ರಮ ಅದಲುಬದಲಾಗಿರಬೇಕು. ಎಲ್ಲರಿಗೂ 0, 10, 40, 100 ಅಂತ ಏರುಕ್ರಮದಲ್ಲೇ ಕೊಟ್ಟರೆ ಕಲಿಕೆಯು ಮಂಪರನ್ನು ಮುಚ್ಚಿಬಿಡುತ್ತೆ. ಎರಡು ಸರದಿಗಳ ನಡುವೆ ಒಂದು ವಾರವಾದರೂ ಬಿಡುವು ಇರಲಿ, ಕೊಬ್ಬಿನಲ್ಲಿ ಸೇರಿಕೊಂಡಿದ್ದು ಹೊರಬರಲು ದಿನಗಳು ಹಿಡಿಯುತ್ತವೆ.

ಎರಡನೇ ಬಗೆ ಕಿರಿಕಿರಿ: ಕಣ್ಣುರಿ, ಮೂಗುರಿ, ಗಂಟಲ ಕೆರೆತ. ಇದು ನಿಜಕ್ಕೂ ತ್ರಾಸದ ವಿಷಯ, ಯಾಕಂದರೆ ವಾಸನೆ ಬಂದ ಕೂಡಲೇ ಅನಿಸಿಕೆಗಳು ಬದಲಾಗುತ್ತವೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಾಸನೆ, ರುಚಿಯ ಸಂಶೋಧನೆ ನಡೆಸುವ ಮೊನೆಲ್ ಕೇಂದ್ರದಲ್ಲಿ ಪಮೇಲಾ ಡಾಲ್ಟನ್ ಮತ್ತು ಸಂಗಡಿಗರು 1990ರ ದಶಕದಲ್ಲಿ 800 ಪಿಪಿಎಂ ಅಸಿಟೋನ್ 20 ನಿಮಿಷ ಕೊಟ್ಟು ನೋಡಿದರು. ಆವಿಯ ಬಗ್ಗೆ ಮುಂಚಿತವಾಗಿ ಏನು ಹೇಳಿದ್ದರೋ ಅದಕ್ಕೆ ತಕ್ಕಂತೆ ಜನ ಹೇಳಿಕೊಂಡ ಲಕ್ಷಣಗಳು ಹೆಚ್ಚು ಕಡಿಮೆಯಾದವು. ಕೆಟ್ಟದ್ದು ಅಂತ ಕೇಳಿದವರಿಗೆ ಉರಿ ಹೆಚ್ಚು.

ಇದರಿಂದ ಕಾರ್ಮಿಕರು ಹೇಳುವುದೆಲ್ಲ ಮನಸ್ಸಿನ ಭ್ರಮೆ ಅಂತ ಯಾರೂ ತೀರ್ಮಾನಿಸಬಾರದು. ಲಕ್ಷಣಗಳ ಪಟ್ಟಿಯೊಂದರ ಮೇಲೇ ನಿಲ್ಲದೆ ಬೇರೆ ಅಳತೆಗಳೂ ಬೇಕು ಅನ್ನುವುದಷ್ಟೇ ಇದರ ತಾತ್ಪರ್ಯ. ಉದಾಹರಣೆಗೆ ಕಣ್ಣೆವೆ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತೆ ಅಂತ ವಿಡಿಯೋದಲ್ಲಿ ಎಣಿಸುವುದು. 2008ರಲ್ಲಿ ಜರ್ಮನಿಯಿಂದ ಬಂದ ಫಾರ್ಮಾಲ್ಡಿಹೈಡ್ ಅಧ್ಯಯನದಲ್ಲಿ 21 ಸ್ವಯಂಸೇವಕರು ದಿನಕ್ಕೆ 4 ಗಂಟೆಯಂತೆ 10 ದಿನ ಒಳಗೆ ಕೂತರು. ಕೆಲವು ದಿನ ವಾಸನೆಯನ್ನು ಮರೆಸಲು ಈಥೈಲ್ ಅಸಿಟೇಟ್ ಬೆರೆಸಿದ್ದರು. 0.5 ಪಿಪಿಎಂ ಸ್ಥಿರ ಮಟ್ಟದ ಮೇಲೆ ಆಗಾಗ 1 ಪಿಪಿಎಂಗೆ ಏರಿಸಿದಾಗ ಕಣ್ಣು ಕೆಂಪಾಗುವುದು ಮತ್ತು ಎವೆ ಬಡಿತ ಹೆಚ್ಚಿದವು. ಸರಾಸರಿ ಒಂದನ್ನೇ ನೋಡಿದರೆ ಇದು ತಪ್ಪಿಹೋಗುತ್ತೆ. ಕ್ಷಣಿಕ ಏರಿಕೆಯೇ ಕಣ್ಣನ್ನು ಕೆಣಕುವುದು.

ಇನ್ನೊಂದು ಚೆಂದದ ವಿಧಾನ ಇದೆ. ಒಂದು ಮೂಗಿನ ಹೊಳ್ಳೆಗೆ ಆವಿ, ಇನ್ನೊಂದಕ್ಕೆ ಶುದ್ಧ ಗಾಳಿ ಒಟ್ಟಿಗೆ ಬಿಟ್ಟು, ಆವಿ ಯಾವ ಕಡೆ ಬಂತು ಅಂತ ಕೇಳುತ್ತಾರೆ. ಬರೀ ವಾಸನೆಯಿಂದ ಮನುಷ್ಯನಿಗೆ ಎಡ ಬಲ ಗೊತ್ತಾಗಲ್ಲ. ಮುಖದ ಟ್ರೈಜೆಮಿನಲ್ ನರ ಕೆರಳಿದಾಗ ಮಾತ್ರ ಸರಿಯಾಗಿ ಹೇಳುತ್ತಾನೆ. ಸರಿ ಉತ್ತರಗಳು ಊಹೆಗಿಂತ ಹೆಚ್ಚಾಗುವ ಸಾಂದ್ರತೆಯೇ ಕಿರಿಕಿರಿಯ ಹೊಸ್ತಿಲು. ಭಯ, ಅನುಮಾನ ಯಾವುದೂ ಇಲ್ಲಿ ಆಟ ಆಡಲ್ಲ.

ಸುರಕ್ಷತಾ_ದೀಪ

ಹಾಗಾದರೆ ವಾಸನೆಯನ್ನೇ ಎಚ್ಚರಿಕೆಯ ಗಂಟೆ ಅಂತ ಬಳಸೋದು?

ನರ_ಪರೀಕ್ಷೆ

ಬೇಡ. ಮೂಗು ಕೆಲವೇ ನಿಮಿಷಗಳಲ್ಲಿ ಒಗ್ಗಿಕೊಳ್ಳುತ್ತೆ. ಹೈಡ್ರೋಜನ್ ಸಲ್ಫೈಡ್ ಅಂತೂ 100 ಪಿಪಿಎಂ ದಾಟುತ್ತಿದ್ದಂತೆ ವಾಸನೆಯ ಶಕ್ತಿಯನ್ನೇ ಕೊಲ್ಲುತ್ತೆ. ವಾಸನೆ ನಿಂತಿತು ಅಂತ ಒಳಗೆ ಹೋದವರು ಹೊರಗೆ ಬರಲ್ಲ.

ವೃತ್ತಿ_ವೈದ್ಯೆ

ಈ ಬಗೆಯ ಅಧ್ಯಯನಗಳು ಯಾಕೆ ಬೇಕು ಅನ್ನುವುದಕ್ಕೆ ನನ್ನ ದೃಷ್ಟಿಯಲ್ಲಿ ಅತಿ ದೊಡ್ಡ ನಿದರ್ಶನ ಮೀಥೈಲೀನ್ ಕ್ಲೋರೈಡ್, ಪೇಂಟ್ ಕೀಳುವ ದ್ರವಗಳಲ್ಲಿ ಬಳಸುತ್ತಿದ್ದದ್ದು. 1972ರಲ್ಲಿ ಅಮೆರಿಕದ ರಿಚರ್ಡ್ ಸ್ಟೀವರ್ಟ್ ಮತ್ತು ಸಂಗಡಿಗರು ಸ್ವಯಂಸೇವಕರಿಗೆ ಇದರ ಆವಿ ಕೊಟ್ಟು ರಕ್ತ ನೋಡಿದಾಗ ಕಾರ್ಬಾಕ್ಸಿ ಹಿಮೋಗ್ಲೋಬಿನ್ (ಕಾರ್ಬನ್ ಮೊನಾಕ್ಸೈಡ್ ಅಂಟಿಕೊಂಡ ಹಿಮೋಗ್ಲೋಬಿನ್) ಏರಿತ್ತು. ಅಂದರೆ ಮೈ ಈ ಸಾಲ್ವೆಂಟನ್ನು ಒಡೆದು ಕಾರ್ಬನ್ ಮೊನಾಕ್ಸೈಡ್ ಮಾಡುತ್ತಿತ್ತು. 1000 ಪಿಪಿಎಂ ಹತ್ತಿರದಲ್ಲಿ ಎರಡು ಗಂಟೆ ಕಳೆದವರಲ್ಲಿ ಅದು ಸುಮಾರು 10 ಶೇಕಡಾ ಮುಟ್ಟಿತು. ಗಮನಿಸಬೇಕಾದ್ದು, ಗರಿಷ್ಠ ಮಟ್ಟ ಬಂದಿದ್ದು ಚೇಂಬರಿನಿಂದ ಹೊರಗೆ ಬಂದ ಮೇಲೆ. ಕೊಬ್ಬಿನಲ್ಲಿ ಕೂತ ಸಾಲ್ವೆಂಟ್ ನಿಧಾನವಾಗಿ ರಕ್ತಕ್ಕೆ ಬರುತ್ತೆ, ಲಿವರ್ ಅದನ್ನು ಒಡೆಯುತ್ತಲೇ ಇರುತ್ತೆ.

ಇದರ ಪ್ರಾಯೋಗಿಕ ಪರಿಣಾಮಗಳು ದೊಡ್ಡವು. ಹೃದಯದ ರಕ್ತನಾಳ ಕಿರಿದಾದವರಿಗೆ ಅಪಾಯ ಕೆಲಸ ಮುಗಿದ ಮೇಲೂ ಮುಂದುವರಿಯುತ್ತೆ. ಅವರನ್ನು ಗಾಳಿಗೆ ಕೂರಿಸಿ, ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ, 98 ತೋರಿಸಿತು ಅಂತ ಮನೆಗೆ ಕಳಿಸಬಾರದು. ಎರಡು ತರಂಗಾಂತರದ ಸಾಮಾನ್ಯ ಆಕ್ಸಿಮೀಟರ್‌ಗೆ ಕಾರ್ಬಾಕ್ಸಿ ಹಿಮೋಗ್ಲೋಬಿನ್‌ಗೂ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್‌ಗೂ ವ್ಯತ್ಯಾಸ ಗೊತ್ತಾಗಲ್ಲ, ಎರಡನ್ನೂ ಕೂಡಿಸಿ ಚೆನ್ನಾಗಿದೆ ಅಂತ ತೋರಿಸುತ್ತೆ. ರಕ್ತವನ್ನು ಎರಡನ್ನೂ ಬೇರೆಬೇರೆಯಾಗಿ ಅಳೆಯುವ ಕೋ-ಆಕ್ಸಿಮೀಟರ್‌ನಲ್ಲಿ ಹಾಕಿಸಬೇಕು. ಒಮ್ಮೆ ನೋಡಿ ಬಿಡದೆ ಕೆಲವು ಗಂಟೆ ಕಳೆದು ಮತ್ತೆ ಹಾಕಿಸಬೇಕು. ಬೀಡಿ ಸಿಗರೇಟ್ ಸೇದುವವರಲ್ಲಿ ಮೊದಲೇ 4 ಶೇಕಡಾ ಮೇಲೆ ಇರಬಹುದು, ಅದರ ಮೇಲೆ ಇದು ಸೇರುತ್ತೆ.

ಹಾಗೇ ಮದ್ಯ. ಫಿನ್ಲೆಂಡ್‌ನಲ್ಲಿ 1980ರ ದಶಕದ ಆರಂಭದಲ್ಲಿ ಝೈಲೀನ್ ಆವಿಗೆ ಮುನ್ನ ಮದ್ಯ ಕುಡಿಸಿದಾಗ ರಕ್ತದ ಝೈಲೀನ್ ಒಂದೂವರೆಯಿಂದ ಎರಡು ಪಟ್ಟಾಯಿತು, ಝೈಲೀನ್ ಒಡೆದು ಮೂತ್ರಕ್ಕೆ ಹೋಗುವ ಮೀಥೈಲ್ ಹಿಪ್ಪೂರಿಕ್ ಆಮ್ಲ ಅರ್ಧದಷ್ಟು ಇಳಿಯಿತು. ಅಂದರೆ ಮೈಯಲ್ಲಿ ವಿಷ ಹೆಚ್ಚಿರುವಾಗಲೇ ಮೂತ್ರದ ವರದಿ ಚೆನ್ನಾಗಿ ಬರುತ್ತೆ. ವರದಿ ಕೈಗೆ ಬಂದಾಗ ಮದ್ಯ ಕುಡಿದಿದ್ದಿರಾ ಅನ್ನುವ ಪ್ರಶ್ನೆಯನ್ನು ಕಾರ್ಮಿಕರಿಗೆ ಗೌರವದಿಂದ, ಶಿಕ್ಷೆಯ ಭಯವಿಲ್ಲದೆ ಕೇಳುವುದು ವೈದ್ಯರ ಕರ್ತವ್ಯ.

ಇನ್ನು ಚೇಂಬರಿನಲ್ಲಿ ಎಂದೂ ಕಾಣದವು. ಹೆಕ್ಸೇನ್ ಮೈಯಲ್ಲಿ 2,5-ಹೆಕ್ಸೇನ್‌ಡೈಓನ್ ಆಗಿ ಕಾಲು ಕೈಗಳ ನರಗಳನ್ನು ಹಾಳು ಮಾಡುವುದು ತಿಂಗಳುಗಟ್ಟಲೆ ಒಡ್ಡಿಕೊಂಡ ಮೇಲೆ. ನಾಲ್ಕು ಗಂಟೆಯ ಅಧ್ಯಯನದಲ್ಲಿ "ನರಗಳ ಮೇಲೆ ಪರಿಣಾಮವಿಲ್ಲ" ಅಂತ ಬಂದರೆ ಅದು ಮಂಪರಿನ ಬಗೆಗಿನ ಮಾತು, ಈ ರೋಗದ ಬಗೆಗಿನದಲ್ಲ.

ಆವಿ_ಲೆಕ್ಕ

ವೈದ್ಯೆ ಮೇಡಂ ಹೇಳಿದ ಮೀಥೈಲೀನ್ ಕ್ಲೋರೈಡ್ ಬಗ್ಗೆ ಉಪಕರಣದ ಎರಡು ಮಾತು. ಕೈಯಲ್ಲಿ ಹಿಡಿಯುವ, ದೀಪದ ಬೆಳಕಿನಿಂದ ಆವಿಯನ್ನು ಅಯಾನೀಕರಿಸಿ ಅಳೆಯುವ ಪಿಐಡಿ ಮೀಟರುಗಳಲ್ಲಿ ಸಾಮಾನ್ಯವಾಗಿ 10.6 ಎಲೆಕ್ಟ್ರಾನ್ ವೋಲ್ಟ್ ದೀಪ ಇರುತ್ತೆ. ಈ ಆವಿಯನ್ನು ಅಯಾನೀಕರಿಸಲು 11.3 ಬೇಕು. ಹಾಗಾಗಿ ಆವಿ ತುಂಬಿದ ಜಾಗದಲ್ಲೂ ಅದು ಸೊನ್ನೆ ತೋರಿಸುತ್ತೆ! 11.7ರ ದೀಪ ಬೇಕು. ಇನ್ನು ಮುಖಕ್ಕೆ ಹಾಕುವ ಇದ್ದಿಲಿನ ಕಾರ್ಟ್ರಿಜ್ ಇದರ ಮುಂದೆ ಬೇಗ ಸೋಲುತ್ತೆ, ಓಷಾ ನಿಯಮ ಇದಕ್ಕೆ ಹೊರಗಿನಿಂದ ಗಾಳಿ ಕೊಡುವ ಉಪಕರಣವನ್ನೇ ಕೇಳುತ್ತೆ. ಓಷಾದ 8 ಗಂಟೆಯ ಮಿತಿ 25 ಪಿಪಿಎಂ.

ಟೊಲುಯೀನ್ ವಿಷಯದಲ್ಲಿ ಇನ್ನೊಂದು ಅಪಾಯಕಾರಿ ಗೊಂದಲ: ಬೆಂಕಿಯ ಮೀಟರನ್ನು ಆರೋಗ್ಯದ ಮೀಟರ್ ಅಂತ ನಂಬುವುದು. ಟೊಲುಯೀನ್‌ನ ಕೆಳ ಸ್ಫೋಟಕ ಮಿತಿ (ಬೆಂಕಿ ಹತ್ತಬಲ್ಲ ಕನಿಷ್ಠ ಸಾಂದ್ರತೆ) 1.1 ಶೇಕಡಾ, ಅಂದರೆ 11,000 ಪಿಪಿಎಂ. ಅದರ 10 ಶೇಕಡಾಗೆ ಅಲಾರಂ ಇಟ್ಟರೆ ಅದು ಕೂಗುವುದು 1,100 ಪಿಪಿಎಂನಲ್ಲಿ. ಜೀವಕ್ಕೆ ತಕ್ಷಣದ ಅಪಾಯ ಅಂತ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಯೋಶ್ ಗುರುತಿಸಿರುವುದೇ 500. ಅಲಾರಂ ಕೂಗಲಿಲ್ಲ, ಆದ್ದರಿಂದ ಟ್ಯಾಂಕಿಗೆ ಇಳಿಯಬಹುದು ಅನ್ನುವ ತರ್ಕದಿಂದ ಜನ ಸತ್ತೇ ಹೋಗುತ್ತಾರೆ.

ಈಗ 12 ಗಂಟೆಯ ಶಿಫ್ಟ್. ದೀರ್ಘ ಶಿಫ್ಟಿಗೆ ಮಿತಿಯನ್ನು ಇಳಿಸುವ ಬ್ರೀಫ್ ಮತ್ತು ಸ್ಕಾಲಾ ಸೂತ್ರ ಸರಳ: 8 ಅನ್ನು ಕೆಲಸದ ಗಂಟೆಗಳಿಂದ ಭಾಗಿಸಿ, 24ರಲ್ಲಿ ಕೆಲಸದ ಗಂಟೆ ಕಳೆದು 16ರಿಂದ ಭಾಗಿಸಿ, ಎರಡನ್ನೂ ಗುಣಿಸಿ. 12 ಗಂಟೆಗೆ 0.667 ಗುಣಿಲೆ 0.75, ಅಂದರೆ 0.5. ಟೊಲುಯೀನ್‌ನ 20 ಇಲ್ಲಿ 10 ಆಗುತ್ತೆ. ಹೆಚ್ಚು ಹೊತ್ತು ಒಳಗೆ, ಕಡಿಮೆ ಹೊತ್ತು ಹೊರಗೆ, ಹೊರಹಾಕಲು ಸಮಯವೇ ಸಾಲದು ಅನ್ನುವುದೇ ಇದರ ತಿರುಳು. ಕಣ್ಣುರಿಯಂಥ ತಕ್ಷಣದ ಕಿರಿಕಿರಿಗೆ ಮಾತ್ರ ಕೊಟ್ಟ ಮಿತಿಗಳಿಗೆ ಈ ಸೂತ್ರ ಬೇಡ.

ಮಿಶ್ರಣವಿದ್ದರೆ ಪ್ರತಿಯೊಂದರ ಸಾಂದ್ರತೆಯನ್ನು ಅದರ ಮಿತಿಯಿಂದ ಭಾಗಿಸಿ ಕೂಡಿಸಿ. ಟೊಲುಯೀನ್ 12, ಮಿತಿ 20: 0.6. ಅಸಿಟೋನ್ 125, ಮಿತಿ 250: 0.5. ಒಟ್ಟು 1.1. ಎರಡೂ ಬಿಡಿಬಿಡಿಯಾಗಿ ಮಿತಿಯೊಳಗಿವೆ, ಒಟ್ಟಾಗಿ ದಾಟಿವೆ. ಥಿನ್ನರ್ ಬಳಸುವ ಜಾಗದಲ್ಲಿ ಒಂದೇ ಸಾಲ್ವೆಂಟ್ ಇರುವುದು ಅಪರೂಪ, ಚೇಂಬರ್ ಅಧ್ಯಯನಗಳೋ ಬಹುಪಾಲು ಒಂದೇ ಸಾಲ್ವೆಂಟಿನವು.

ಹೊಸ_ಸದಸ್ಯ_ಗಾಳಿ

ನಮಸ್ಕಾರ. ಇಷ್ಟೆಲ್ಲ ವ್ಯತ್ಯಾಸ ಇರುವಾಗ, ಕಾರ್ಖಾನೆಗಳೇ ತಮ್ಮ ಕೆಲಸಗಾರರಲ್ಲಿ ಒಪ್ಪಿದವರನ್ನು ಹೊಸ ಸಾಲ್ವೆಂಟ್ ಇರುವ ಕೋಣೆಯಲ್ಲಿ ಒಂದರ್ಧ ಗಂಟೆ ಕೂರಿಸಿ ನೋಡಬಹುದಲ್ಲವೇ? ಕಡಿಮೆ ಸಾಂದ್ರತೆಯಲ್ಲಿ?

ನೀತಿ_ಸಮಿತಿ

ಇಲ್ಲ, ಖಂಡಿತ ಇಲ್ಲ. ನೀವು ಒಳ್ಳೆಯ ಉದ್ದೇಶದಿಂದಲೇ ಕೇಳಿದ್ದೀರಿ ಅಂತ ತಿಳಿದು ಬಿಡಿಸಿ ಹೇಳುತ್ತೇನೆ.

ಮನುಷ್ಯರ ಮೇಲಿನ ಪ್ರಯೋಗಗಳಿಗೆ ನಿಯಮ ಹಾಕಿದ 1947ರ ನ್ಯೂರೆಂಬರ್ಗ್ ಸಂಹಿತೆಯ ಮೊದಲ ಮಾತೇ ಸ್ವಇಚ್ಛೆಯ ಒಪ್ಪಿಗೆ. 1964ರ ಹೆಲ್ಸಿಂಕಿ ಘೋಷಣೆ ಅದಕ್ಕೆ ಸ್ವತಂತ್ರ ಸಮಿತಿಯ ಪರಿಶೀಲನೆ ಮುಂತಾದವನ್ನು ಮುಂದೆ ಸೇರಿಸಿಕೊಂಡಿತು. ಸಂಬಳ ಕೊಡುವವರೇ ಕೇಳಿದಾಗ ಕೆಲಸಗಾರ ಹೇಳುವ "ಆಗಲಿ" ಸ್ವತಂತ್ರ ಒಪ್ಪಿಗೆಯಲ್ಲ. ಅದಕ್ಕೇ ಅಧ್ಯಯನ ನಡೆಸುವ ಸಂಸ್ಥೆಯ ಅಧೀನದಲ್ಲಿರುವವರನ್ನು ಸೇರಿಸಿಕೊಳ್ಳಲು ಸಮಿತಿಗಳು ಹಿಂಜರಿಯುತ್ತವೆ.

ನಿಜವಾದ ಅಧ್ಯಯನಕ್ಕೆ ಏನೇನು ಬೇಕು ನೋಡಿ. ಆ ವಸ್ತುವಿನ ಬಗ್ಗೆ ಪ್ರಾಣಿಗಳಲ್ಲಿ ಮತ್ತು ಕೆಲಸದ ಜಾಗಗಳಲ್ಲಿ ಸಾಕಷ್ಟು ಮೊದಲೇ ತಿಳಿದಿರಬೇಕು, ಪರಿಣಾಮ ಹಿಂದಿರುಗಿಸಬಹುದಾದದ್ದು ಅಂತ ಖಚಿತವಿರಬೇಕು. ಬೆಂಝೀನ್, ವಿನೈಲ್ ಕ್ಲೋರೈಡ್‌ನಂಥ ಕ್ಯಾನ್ಸರ್‌ಕಾರಕಗಳನ್ನು ಬರೀ ಕುತೂಹಲಕ್ಕೆ ಕೊಡುವ ಪ್ರಶ್ನೆಯೇ ಇಲ್ಲ. ಟ್ರೈಕ್ಲೋರೋಎಥಿಲೀನ್‌ನ ಹಳೆಯ ಸ್ವಯಂಸೇವಕ ಅಧ್ಯಯನಗಳು ಈಗಲೂ ಉಲ್ಲೇಖವಾಗುತ್ತವೆ, ಆದರೆ 2012ರಲ್ಲಿ ಅದು ಖಚಿತ ಕ್ಯಾನ್ಸರ್‌ಕಾರಕ ಅಂತ ತೀರ್ಮಾನವಾಯಿತು. ಹೊಸ ಸಾಲ್ವೆಂಟ್ ಅಂದರೆ ಅದರ ಬಗ್ಗೆ ತಿಳಿದಿರುವುದು ಕಡಿಮೆ ಅಂತಲೇ ಅರ್ಥ, ಅದೇ ಕಾರಣಕ್ಕೆ ಅದು ಜನರ ಮೇಲೆ ನೋಡಬಾರದ ವಸ್ತು.

ಒಳಗೆ ಹೋಗುವ ಮೊದಲು ವೈದ್ಯಕೀಯ ತಪಾಸಣೆ, ಸ್ಪೈರೋಮೆಟ್ರಿ (ಶ್ವಾಸಕೋಶದ ಸಾಮರ್ಥ್ಯದ ಪರೀಕ್ಷೆ), ಗರ್ಭಧಾರಣೆಯ ಪರೀಕ್ಷೆ, ಔಷಧಗಳ ಪಟ್ಟಿ. ನಡೆಯುವಾಗ ಗಾಜಿನಾಚೆ ಸದಾ ನೋಡುತ್ತಿರುವ ವೈದ್ಯರು, ಕಾರಣ ಹೇಳದೆ ಎದ್ದು ಹೊರಬರುವ ಹಕ್ಕು, ಹೊರಬಂದರೂ ಒಪ್ಪಿದ ಹಣ ಕಡಿತವಾಗದ ನಿಯಮ. ಹಣ ಎಷ್ಟಿರಬೇಕು ಅನ್ನುವುದೂ ಸೂಕ್ಷ್ಮ, ಕಷ್ಟದಲ್ಲಿರುವವರು ಹಣಕ್ಕಾಗಿ ರೋಗ ಮುಚ್ಚಿಟ್ಟು ಬರುವಷ್ಟು ದೊಡ್ಡದಾಗಿರಬಾರದು. ಕೀಟನಾಶಕಗಳ ಮಟ್ಟಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ 2006ರಲ್ಲಿ ಗರ್ಭಿಣಿಯರು ಮತ್ತು ಮಕ್ಕಳನ್ನು ಬೇಕೆಂದೇ ಒಡ್ಡುವ ಅಧ್ಯಯನಗಳನ್ನು ನಿಷೇಧಿಸಿ, ಉಳಿದವನ್ನು ಪರಿಶೀಲಿಸಲು ಪ್ರತ್ಯೇಕ ಮಂಡಳಿಯನ್ನೇ ಮಾಡಿತು.

ಕಾರ್ಖಾನೆ ಮಾಡಬಹುದಾದದ್ದು ಬೇರೆ ಇದೆ: ಆವಿ ಹುಟ್ಟುವ ಜಾಗದಲ್ಲೇ ಎಳೆದುಕೊಳ್ಳುವ ಎಕ್ಸಾಸ್ಟ್, ಗಾಳಿಯ ಅಳತೆ, ಮತ್ತು ಹೇಗೂ ನಡೆಯುವ ಕೆಲಸದ ನಂತರ ಒಪ್ಪಿಗೆ ಪಡೆದು ಮೂತ್ರದ ತಪಾಸಣೆ.

ಸುರಕ್ಷತಾ_ದೀಪ

ಆ ಮೂತ್ರದ ತಪಾಸಣೆಯ ಬಗ್ಗೆ ಯಾರಾದರೂ ಹೇಳಿ. ಟೊಲುಯೀನ್‌ಗೆ ಹಿಪ್ಪೂರಿಕ್ ಆಮ್ಲ ನೋಡಿದರೆ ಸಾಕಾ?

ಲ್ಯಾಬ್_ಬೆಂಚ್

ಸಾಲದು. ಮೈಗೆ ಸೇರಿದ ಟೊಲುಯೀನ್‌ನ ಬಹುಪಾಲು ಬೆಂಝೋಯಿಕ್ ಆಮ್ಲವಾಗಿ, ಗ್ಲೈಸಿನ್ ಜೊತೆ ಸೇರಿ ಹಿಪ್ಪೂರಿಕ್ ಆಗಿ ಹೋಗುವುದು ನಿಜ. ಆದರೆ ಆಹಾರ ಕೆಡದಂತೆ ಹಾಕುವ ಸೋಡಿಯಂ ಬೆಂಝೋಯೇಟ್‌ನಿಂದಲೂ ಅದೇ ಬರುತ್ತೆ. 20 ಪಿಪಿಎಂ ಮಟ್ಟದಲ್ಲಿ ತಂಪು ಪಾನೀಯ ಕುಡಿದವರನ್ನೂ ಆವಿ ಕುಡಿದವರನ್ನೂ ಅದು ಬೇರ್ಪಡಿಸಲ್ಲ. ಈಗ ಎಸಿಜಿಐಎಚ್ ಹೇಳುವ ಮಿತಿಗಳು ಮೂರು: ಶಿಫ್ಟ್ ಮುಗಿದಾಗ ಮೂತ್ರದಲ್ಲಿ ಟೊಲುಯೀನೇ ಲೀಟರಿಗೆ 0.03 ಮಿಲಿಗ್ರಾಂ, ಶಿಫ್ಟ್ ಮುಗಿದಾಗ ಮೂತ್ರದಲ್ಲಿ ಆರ್ಥೋ-ಕ್ರೆಸಾಲ್ (ಟೊಲುಯೀನ್ ಒಡೆದಾಗ ಹುಟ್ಟುವ ವಸ್ತು) ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ (ಮೂತ್ರ ಎಷ್ಟು ಗಟ್ಟಿ ಅಂತ ತೋರಿಸುವ ವಸ್ತು) 0.3 ಮಿಲಿಗ್ರಾಂ, ವಾರದ ಕೊನೆಯ ಶಿಫ್ಟಿಗೆ ಮುಂಚೆ ರಕ್ತದಲ್ಲಿ ಟೊಲುಯೀನ್ ಲೀಟರಿಗೆ 0.02 ಮಿಲಿಗ್ರಾಂ. ರಕ್ತವನ್ನು ಶಿಫ್ಟಿಗೆ ಮುಂಚೆ ತೆಗೆಯುವುದಕ್ಕೆ ಕಾರಣ, ಆಗ ಉಳಿದಿರುವುದು ಕೊಬ್ಬಿನಿಂದ ಬರುವ ವಾರದ ಸಂಗ್ರಹ.

ಎಡವಟ್ಟಾಗುವುದು ಹೆಚ್ಚಾಗಿ ಬಾಟಲಿಯಲ್ಲಿ. ಟೊಲುಯೀನ್ ರಬ್ಬರ್ ಮುಚ್ಚಳಕ್ಕೆ ಹೀರಿಹೋಗುತ್ತೆ, ಖಾಲಿ ಜಾಗಕ್ಕೆ ಹಾರಿಹೋಗುತ್ತೆ. ಟೆಫ್ಲಾನ್ ಪದರದ ಸೆಪ್ಟಮ್ (ಸೂಜಿ ತೂರಿಸಬಹುದಾದ ಮುಚ್ಚಳ) ಇರುವ ಗಾಜಿನ ಹೆಡ್‌ಸ್ಪೇಸ್ ವಯಲ್ (ಆವಿ ಪರೀಕ್ಷೆಯ ಸಣ್ಣ ಶೀಶೆ) ತಗೊಂಡು, ಮೂತ್ರ ಹಿಡಿದ ಕೂಡಲೇ ಅದಕ್ಕೆ ವರ್ಗಾಯಿಸಿ, ಬಿಗಿಯಾಗಿ ಕ್ರಿಂಪ್ ಮಾಡಿ 4 ಡಿಗ್ರಿಯಲ್ಲಿಡಿ. ಹಿಡಿಯುವುದು ಕೆಲಸದ ಜಾಗದಲ್ಲಿ ಬೇಡ. ಕೈ ತೊಳೆದು, ಆವಿ ಹೀರಿದ ಬಟ್ಟೆ ಬದಲಿಸಿ, ಬೇರೆ ಕೋಣೆಯಲ್ಲಿ. ಅದೇ ಕೋಣೆಯಲ್ಲಿ ಶುದ್ಧ ನೀರು ತುಂಬಿದ ಒಂದು ವಯಲ್ ತೆರೆದು ಮುಚ್ಚಿ ಜೊತೆಗೇ ಕಳಿಸಿ. ಅದರಲ್ಲಿ ಟೊಲುಯೀನ್ ಬಂದರೆ ಆ ದಿನದ ಫಲಿತಾಂಶ ಯಾವುದೂ ಬಳಸುವಂತಿಲ್ಲ. ರಕ್ತ ತೆಗೆಯುವವರು ಚರ್ಮ ಒರೆಸಿದ ಸ್ಪಿರಿಟ್ ಪೂರ್ತಿ ಆರುವವರೆಗೆ ಸೂಜಿ ಹಾಕಬಾರದು.

ಇನ್ನು ಕ್ರಿಯಾಟಿನಿನ್ ಲೀಟರಿಗೆ 0.3 ಗ್ರಾಂಗಿಂತ ಕಡಿಮೆ ಅಥವಾ 3ಕ್ಕಿಂತ ಹೆಚ್ಚು ಬಂದರೆ ಆ ಮೂತ್ರ ತೀರಾ ತೆಳು ಅಥವಾ ತೀರಾ ಗಟ್ಟಿ. ಕ್ರೆಸಾಲ್‌ನ ಅಂಕಿಯನ್ನು ತಿದ್ದಲು ಹೋಗದೆ ಮರುದಿನದ ಶಿಫ್ಟ್ ಮುಗಿದಾಗ ಹೊಸದಾಗಿ ಕೇಳಿ. ವಯಲ್ ಮೇಲೆ ಬರೆಯುವಾಗ ದಿನಾಂಕದ ಜೊತೆ ಕೆಲಸ ನಿಲ್ಲಿಸಿದ ಹೊತ್ತು ಮತ್ತು ಮೂತ್ರ ಹಿಡಿದ ಹೊತ್ತು ಎರಡನ್ನೂ ಬರೆಯಿರಿ. ಮೂತ್ರದಲ್ಲಿನ ಟೊಲುಯೀನ್ ಬೇಗ ಇಳಿಯುತ್ತೆ, ಒಂದು ಗಂಟೆ ತಡವಾದರೂ ಅಂಕಿ ಸುಳ್ಳು ಹೇಳಲು ಶುರು ಮಾಡುತ್ತೆ.